ಗ್ಲೆನಿಸ್ ಆಂಟಿ ಹೆಸರು ಕೂಗಿದ ದಿನ

ಗ್ಲೆನಿಸ್ ಪ್ರಾಸರ್ ಕೋಲು ಎತ್ತಿದರೆ ಲಾರಿಗಳು ನಿಲ್ಲುತ್ತಿದ್ದವು. ಹಾಗಂತ ಅವಳೇನು ಪೊಲೀಸಿನವಳಲ್ಲ. ವೇಲ್ಸಿನ ಕಣಿವೆಯಲ್ಲಿರುವ ಪಾಂಟ್‌ಗರ್ವೆನ್ ಎಂಬ ಸಣ್ಣ ಊರಿನ ಶಾಲೆಯ ಎದುರು ಮಕ್ಕಳನ್ನು ರಸ್ತೆ ದಾಟಿಸುವುದು ಅವಳ ಕೆಲಸ. ಬೆಳಿಗ್ಗೆ ಮುಕ್ಕಾಲು ಗಂಟೆ, ಮಧ್ಯಾಹ್ನ ಮುಕ್ಕಾಲು ಗಂಟೆ. ಮೊಣಕಾಲಿನ ಕೆಳಗಿನವರೆಗೂ ಇಳಿಯುವ ಹಳದಿ ಕೋಟು, ಕಪ್ಪು ಟೋಪಿ, ಕೈಯಲ್ಲಿ ಅವಳಿಗಿಂತ ಎತ್ತರದ ಕೋಲು, ಕೋಲಿನ ತುದಿಗೆ ‘ನಿಲ್ಲಿ’ ಎಂದು ಬರೆದ ದುಂಡನೆಯ ಫಲಕ. ಮಕ್ಕಳು ಅದನ್ನು ಲಾಲಿಪಾಪ್ ಎನ್ನುತ್ತಿದ್ದರು.

ಆ ಕೆಲಸಕ್ಕೆ ಸೇರಿ ಇಪ್ಪತ್ತಾರು ವರ್ಷವಾಗಿತ್ತು. ಮೊದಮೊದಲು ಅವಳು ದಾಟಿಸಿದ ಮಕ್ಕಳೇ ಈಗ ತಮ್ಮ ಮಕ್ಕಳ ಕೈಹಿಡಿದು ಬರುತ್ತಿದ್ದರು. ಯಾರ ಹಲ್ಲು ಬಿತ್ತು, ಯಾರ ಮನೆಯಲ್ಲಿ ಹೊಸ ಪಾಪು ಬಂತು, ಯಾರು ತಿಂಡಿ ತಿನ್ನದೆ ಅತ್ತುಕೊಂಡು ಬಂದರು, ಎಲ್ಲವೂ ಅವಳಿಗೆ ರಸ್ತೆಯ ಅಂಚಿನಲ್ಲೇ ಗೊತ್ತಾಗುತ್ತಿತ್ತು. ಕೋಟಿನ ಜೇಬಿನಲ್ಲಿ ಜೊತೆ ತಪ್ಪಿದ ಪುಟ್ಟ ಕೈಗವಸುಗಳು, ಸೇಫ್ಟಿ ಪಿನ್ನು, ಮೂಗು ಒರೆಸುವ ಕಾಗದ, ಒಂದು ಪೊಟ್ಟಣ ಪೆಪ್ಪರ್‌ಮಿಂಟು ಸದಾ ಇರುತ್ತಿದ್ದವು. ಅವಳ ಕಟ್ಟುನಿಟ್ಟು ಒಂದೇ. ಪಾದಚಾರಿ ಕಟ್ಟೆಯ ಅಂಚಿಗೆ ಬಂದ ಮಗು ಎರಡೂ ಪಾದ ಜೋಡಿಸಿ ನಿಲ್ಲಬೇಕು. ಬಲಕ್ಕೆ ನೋಡು, ಎಡಕ್ಕೆ ನೋಡು, ಮತ್ತೆ ಬಲಕ್ಕೆ ನೋಡು. ಆಮೇಲೆ ಅವಳು ‘ಹ್ಞೂಂ’ ಅಂದರೆ ಹೊರಡು. ಒಂದು ಪಾದ ಮುಂದಿದ್ದರೂ ‘ಹ್ಞೂಂ’ ಬರುತ್ತಿರಲಿಲ್ಲ. ಇಡೀ ಸಾಲು ಕಾಯಬೇಕಾಗುತ್ತಿತ್ತು.

ಕಂಡದ್ದನ್ನು ಕಂಡ ಹಾಗೇ ಬಿಟ್ಟು ಬರುವುದು ಅವಳಿಂದಾಗದ ಕೆಲಸ. ಬಸ್ಸಿನಲ್ಲಿ ಸೀಟಿನ ಮೇಲೆ ಕಾಲಿಟ್ಟವರ ಕಾಲು ಇಳಿಸುತ್ತಿದ್ದಳು. ಗೊತ್ತಿಲ್ಲದವರ ಮದುವೆಯೊಂದು ಚರ್ಚಿನಿಂದ ಹೊರಬರುವಾಗ ಮದುಮಗನನ್ನು ಮೆಟ್ಟಿಲ ಮೇಲೆ ನಿಲ್ಲಿಸಿ, ಅವನ ಕೋಟಿನ ತೋಳಿನಲ್ಲಿ ಇನ್ನೂ ನೇತಾಡುತ್ತಿದ್ದ ಅಂಗಡಿಯ ಚೀಟಿಯನ್ನು ಹಲ್ಲಿನಲ್ಲಿ ಕಡಿದು ತೆಗೆದಿದ್ದಳು. “ನಿನ್ ಮೂಗಿಗೂ ಒಂದು ಫಲಕ ಬರೆಸ್ಬೇಕು ಕಣೇ, ಎಲ್ಲೂ ತೂರಬೇಡ ಅಂತ,” ಎನ್ನುತ್ತಿದ್ದ ಗಂಡ ಎಮ್ರಿಸ್. ಅವನು ಬಸ್ ಓಡಿಸಿ ನಿವೃತ್ತನಾದವನು. ಬಸ್ಸಿನಲ್ಲಿ ಏನೇ ಗಲಾಟೆಯಾದರೂ ರಸ್ತೆ ನೋಡುವುದನ್ನು ಅಭ್ಯಾಸ ಮಾಡಿಕೊಂಡಿದ್ದ.

ಅದು ಮಾರ್ಚ್ ತಿಂಗಳ ಒಂದು ಮಂಗಳವಾರ. ಮಧ್ಯಾಹ್ನದ ಪಾಳಿ ಶುರುವಾಗಲು ಇನ್ನೂ ಹತ್ತು ನಿಮಿಷವಿತ್ತು. ಪೆಪ್ಪರ್‌ಮಿಂಟು ಮುಗಿದಿತ್ತೆಂದು ಗ್ಲೆನಿಸ್ ಶಾಲೆಯೆದುರಿನ ಅಂಗಡಿಗೆ ಹೋದಳು. ಅಲ್ಲಿ ಅವಳ ಗೆಳತಿ ಮೈರ್ ಮೊಮ್ಮಗನನ್ನು ಕರೆದೊಯ್ಯಲು ಬಂದವಳು ಬ್ರೆಡ್ಡು ಆರಿಸುತ್ತಿದ್ದಳು. ಕೌಂಟರಿನಲ್ಲಿ ಬ್ರಾನ್ವೆನ್ ಎಂಬ ಹುಡುಗಿ. ಬಾಗಿಲ ಬಳಿ ವಾಕರ್ ಹಿಡಿದ ಒಬ್ಬ ಮುದುಕರು.

ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡಿದ್ದ ಒಬ್ಬ ಗಂಡಸು ಚೀಸಿನ ಕಪಾಟಿನ ಮುಂದೆ ನಿಂತಿದ್ದ. ದೊಡ್ಡ ತುಂಡು ಚೀಸನ್ನು ಎತ್ತಿ ಕೋಟಿನೊಳಗೆ ಇಳಿಸಿದ. ಇನ್ನೊಂದು. ಮತ್ತೊಂದು. ಅವಸರವೇ ಇಲ್ಲ, ಮನೆಯ ಕಪಾಟಿಗೆ ಬಟ್ಟೆ ಜೋಡಿಸುವವನ ಹಾಗೆ. ನಾಲ್ಕನೆಯದಕ್ಕೆ ಜಾಗ ಸಾಲದೆ ಹೊಟ್ಟೆ ಒಳಗೆಳೆದುಕೊಂಡ.

ಗ್ಲೆನಿಸ್ ಸುತ್ತ ನೋಡಿದಳು. ಎಲ್ಲರಿಗೂ ಕಂಡಿತ್ತು. ಮೈರ್ ಒಂದು ಸೂಪಿನ ಡಬ್ಬಿಯನ್ನು ಕೈಗೆತ್ತಿಕೊಂಡು ಅದರ ಮೇಲೆ ಬರೆದಿದ್ದನ್ನು ಪರೀಕ್ಷೆಗೆ ಓದುವವಳಂತೆ ಓದುತ್ತಿದ್ದಳು. ಬ್ರಾನ್ವೆನ್ ಚಾವಣಿಯ ದೀಪ ನೋಡುತ್ತಿದ್ದಳು. ಕಳ್ಳರ ತಂಟೆಗೆ ಹೋಗಬೇಡಿ, ಪೆಟ್ಟು ತಿನ್ನಬೇಡಿ ಎಂದು ಕೆಲಸದವರಿಗೆ ಅಂಗಡಿಯ ಮಾಲೀಕರೇ ಬರೆದು ಕೊಟ್ಟಿದ್ದರು. ಆ ಗಂಡಸು ಬಾಗಿಲ ಹತ್ತಿರ ಬಂದ. ಎರಡೂ ಕೈ ಹೊಟ್ಟೆ ಹಿಡಿದುಕೊಂಡಿದ್ದವಲ್ಲ, ಬಾಗಿಲು ತೆಗೆಯುವುದು ಹೇಗೆ? ವಾಕರ್ ಹಿಡಿದ ಮುದುಕರು ಕಷ್ಟಪಟ್ಟು ಒಂದು ಕೈ ಚಾಚಿ ಬಾಗಿಲು ತೆರೆದು ಹಿಡಿದರು.

“ಥ್ಯಾಂಕ್ಸ್ ತಾತ,” ಅಂದ ಕಳ್ಳ.

“ಪರವಾಗಿಲ್ಲಪ್ಪ, ನಿಧಾನ,” ಅಂದರು ಮುದುಕರು.

ಗ್ಲೆನಿಸ್‌ಗೆ ತಡೆಯಲಾಗಲಿಲ್ಲ. ಪತ್ರಿಕೆಗಳ ಸ್ಟ್ಯಾಂಡಿಗೆ ಒರಗಿಸಿದ್ದ ಕೋಲು ಕಿತ್ತುಕೊಂಡು ಹೊರಗೋಡಿದಳು. “ಗ್ಲೆನಿಸ್ ಆಂಟಿ, ಬಿಡಿ, ಬರೀ ಚೀಸು!” ಎಂದು ಬ್ರಾನ್ವೆನ್ ಕೂಗಿದ್ದು ಬೆನ್ನಿಗೆ ಬಿತ್ತು. ಅವನು ಆಗಲೇ ರಸ್ತೆಗಿಳಿಯುವುದರಲ್ಲಿದ್ದ. ಗ್ಲೆನಿಸ್ ಕೋಲನ್ನು ನೆಲಕ್ಕೆ ಟಕ್ಕೆಂದು ಕುಟ್ಟಿದಳು.

“ನಿಲ್ಲು!”

ಅವನು ನಿಂತ. ಕಟ್ಟೆಯ ಅಂಚಿನಲ್ಲಿ, ಎರಡೂ ಪಾದ ಜೋಡಿಸಿಕೊಂಡು.

ಆ ಪಾದ ಜೋಡಿಸಿದ್ದು ನೋಡಿದ ಮೇಲೆಯೇ ಗ್ಲೆನಿಸ್‌ಗೆ ಗುರುತು ಸಿಕ್ಕಿದ್ದು. ಟೋಪಿಯ ಕೆಳಗೆ ಮರೆಯಾಗಿದ್ದದ್ದು ಅವಳು ದಿನಾ ನೋಡುವ ಮುಖವೇ; ಅವನು ಐದು ವರ್ಷದವನಿದ್ದಾಗ ಹಾಗೆ ಪಾದ ಜೋಡಿಸುವುದನ್ನು ಕಲಿಸಿದ್ದೂ ಅವಳೇ. ಬಾಯಿ ತನಗೆ ತಾನೇ ತೆರೆದುಕೊಂಡಿತು.

“ಗೆತಿನ್ ಪ್ರಾಬರ್ಟ್! ಕೋಟಿನೊಳಗೆ ಏನೋ ಅದು?”

ಗ್ಲೆನಿಸ್‌ಳ ಗಂಟಲು ಲಾರಿಯ ಸದ್ದಿಗೂ ಮೀರಿ ಕೇಳುವಂಥದ್ದು. ಎದುರಿನ ಶಾಲೆಯ ಗೇಟಿನಲ್ಲಿ ಮಕ್ಕಳಿಗಾಗಿ ಕಾಯುತ್ತಿದ್ದ ಮೂವತ್ತು ತಾಯಂದಿರು, ತಂದೆಯರು, ಅಜ್ಜಿಯರು ಒಟ್ಟಿಗೆ ತಿರುಗಿ ನೋಡಿದರು. ಗೆತಿನ್ ಕೋಟಿನ ಗುಂಡಿ ಬಿಚ್ಚಿ ಚೀಸಿನ ತುಂಡುಗಳನ್ನು ಒಂದೊಂದಾಗಿ ಅಂಗಡಿಯ ಮೋಟುಗೋಡೆಯ ಮೇಲೆ ಜೋಡಿಸಿದ. ಒಂದು, ಎರಡು, ಮೂರು, ನಾಲ್ಕು. ಕೊನೆಗೆ ತೋಳಿನೊಳಗಿಂದ ಒಂದು ಬೆಣ್ಣೆಯ ಪೊಟ್ಟಣವೂ ಬಂತು. ಅದು ಗ್ಲೆನಿಸ್‌ಗೆ ಗೊತ್ತೇ ಇರಲಿಲ್ಲ.

ಇನ್ನೇನು ಮಾಡುವುದೆಂದು ಇಬ್ಬರಿಗೂ ತೋಚಲಿಲ್ಲ. ಗ್ಲೆನಿಸ್ ಇಪ್ಪತ್ತಾರು ವರ್ಷದಿಂದ ಮಾಡಿದ್ದನ್ನೇ ಮಾಡಿದಳು. ರಸ್ತೆಯ ನಡುವೆ ಹೋಗಿ ಕೋಲು ಎತ್ತಿ, ಎರಡೂ ಕಡೆಯ ವಾಹನ ನಿಲ್ಲಿಸಿ, “ಹ್ಞೂಂ,” ಅಂದಳು. ಗೆತಿನ್ ತಲೆ ತಗ್ಗಿಸಿ ದಾಟಿ, ಗೇಟಿನಲ್ಲಿದ್ದವರ ಮುಂದೆಯೇ ಹಾದು, ಓಣಿಯಲ್ಲಿ ಮರೆಯಾದ.

ಅವತ್ತು ಶಾಲೆ ಬಿಟ್ಟು ಉಳಿದ ಮಕ್ಕಳೆಲ್ಲ ಹೊರಬಂದ ಮೇಲೂ ಗೇಟಿನ ಬಳಿ ಟೀಚರ ಪಕ್ಕದಲ್ಲಿ ಒಂದು ಪುಟ್ಟ ಹುಡುಗಿ ಬ್ಯಾಗು ಬೆನ್ನಿಗೇರಿಸಿಕೊಂಡು ನಿಂತಿತ್ತು. ಕಾಲುಚೀಲ ಒಂದು ಕೆಂಪು, ಒಂದು ಹಳದಿ. ಗೆತಿನನ ಮಗಳು, ಆರು ವರ್ಷದ ನೆಸ್ಟಾ. ತಾಯಿ ಬೇರೆ ಊರಿನಲ್ಲಿದ್ದಳು, ಶಾಲೆಗೆ ಬಿಡುವುದು ಕರೆದೊಯ್ಯುವುದು ಎಲ್ಲ ಅವನದೇ. ಗ್ಲೆನಿಸ್ ಅದನ್ನು ನೋಡಿದಳು, ಆದರೆ ಅವಳ ಸುತ್ತ ಅಷ್ಟು ಜನ ಸೇರಿ ಬೆನ್ನು ತಟ್ಟುತ್ತಿದ್ದರಲ್ಲ, ನೋಡಿದ್ದು ಮನಸ್ಸಿಗೆ ಇಳಿಯಲಿಲ್ಲ.

ಎರಡು ದಿನ ಊರಿನಲ್ಲಿ ಬೇರೆ ಮಾತಿಲ್ಲ. ಕೆಫೆಯಲ್ಲಿ ಅವಳ ಚಹಾಕ್ಕೆ ಯಾರೂ ಕಾಸು ತೆಗೆದುಕೊಳ್ಳಲಿಲ್ಲ. ಗ್ಲೆನಿಸ್ ನಡೆದದ್ದನ್ನು ನಿಂತು ನಟಿಸಿ ತೋರಿಸುತ್ತಿದ್ದಳು. ಕೋಲಿನ ಬದಲು ಛತ್ರಿ.

“ಅವನ ಹತ್ರ ಚಾಕು ಇದ್ದಿದ್ರೆ ಏನ್ ಮಾಡ್ತಿದ್ಯೇ?” ಎಂದಳು ಮೈರ್.

“ಚೀಸ್ ಕತ್ತರಿಸ್ತಿದ್ದೆ.”

“ತಮಾಷೆ ಸಾಕು. ನನ್ನ ಕೇಳಿದ್ರೆ ಹೊರಗಿನವರು ಬಾಯಿ ಹಾಕಬಾರದು. ಅಂಗಡಿಯವರಿಗೇ ಬೇಡವಾಗಿದ್ದು ನಮಗ್ಯಾಕೆ?”

“ಅದಕ್ಕೇ ಸೂಪ್ ಡಬ್ಬಿ ಓದ್ತಿದ್ಯಾ? ಏನ್ ಬರೆದಿತ್ತು ಹೇಳು ನೋಡೋಣ.”

“ತಲೆಕೆಳಗಾಗಿ ಹಿಡ್ಕೊಂಡಿದ್ದೆ,” ಎಂದು ಮೈರ್ ಒಪ್ಪಿಕೊಂಡಾಗ ಇಡೀ ಕೆಫೆ ನಕ್ಕಿತು.

ಬ್ರಾನ್ವೆನ್ ಮಾತ್ರ ನಗಲಿಲ್ಲ. ಅವಳು ಊಟದ ಬಿಡುವಿನಲ್ಲಿ ಸ್ಯಾಂಡ್‌ವಿಚ್ ತಿನ್ನುತ್ತಿದ್ದಳು. “ನೀವು ನಿಲ್ಸಿದ್ದು ಒಳ್ಳೇದೇ, ಆಂಟಿ. ನಾನು ದೀಪ ನೋಡ್ಕೊಂಡು ಕೂತಿದ್ದೆ ಅಂತ ನನಗೇ ನಾಚಿಕೆ. ಆದ್ರೆ ಅಷ್ಟು ಜನರ ಮುಂದೆ ಹೆಸರು ಹಿಡಿದು ಕೂಗಿದ್ದು ನೋಡಿ... ಅದು ಯಾಕೋ ನನಗೆ ಇನ್ನೂ ಜೀರ್ಣ ಆಗ್ತಿಲ್ಲ.”

“ಹೆಸರು ನಾಲಿಗೇಲೇ ಇತ್ತು ಕಣಮ್ಮ, ಬಂದ್ಬಿಡ್ತು,” ಎಂದಳು ಗ್ಲೆನಿಸ್. ಛತ್ರಿ ಮಡಚಿ ಕೂತಳು. ಅವತ್ತಿನ ಕತೆ ಅಲ್ಲಿಗೇ ನಿಂತಿತು.

ಶುಕ್ರವಾರ ಬೆಳಿಗ್ಗೆ ಕಾಡಿ ಎಂಬ ಹುಡುಗಿ ಕಟ್ಟೆಯ ಅಂಚಿನಲ್ಲಿ ಪಾದ ಜೋಡಿಸಿ ನಿಂತು ಗ್ಲೆನಿಸ್‌ಳ ಕೋಟು ಜಗ್ಗಿತು.

“ಆಂಟಿ, ನಾನೂ ಕೆಳಗಿನ ತಿರುವಿಂದ ಬರ್ಲಾ, ನೆಸ್ಟಾ ಥರ?”

“ಕೆಳಗಿನ ತಿರುವಿಂದಾನಾ? ಅಲ್ಲಿಂದ ಯಾಕೆ ಬರ್ತಾಳೆ ಅವಳು?”

“ಅವಳೂ ಅವರಪ್ಪನೂ ಈಗ ಹಿಂದಿನ ಗೇಟಿಂದ ಬರೋದು. ಅಲ್ಲಿ ರಸ್ತೆ ಕಾಣಲ್ವಲ್ಲ, ಅದಕ್ಕೆ ಅವರಪ್ಪ ಕಣ್ಮುಚ್ಚಿ ಲಾರಿ ಬರುತ್ತಾ ಅಂತ ಕೇಳಿಸ್ಕೊಳ್ತಾರೆ. ಕೇಳಿಸ್ಲಿಲ್ಲ ಅಂದ್ರೆ ಇಬ್ರೂ ಕೈ ಹಿಡ್ಕೊಂಡು ಓಟ! ತುಂಬಾ ಮಜಾ ಅಂತೆ.”

ಗ್ಲೆನಿಸ್‌ಗೆ ಕೈಯಲ್ಲಿದ್ದ ಕೋಲು ಭಾರವಾಯಿತು. ಕೆಳಗಿನ ತಿರುವು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಹಳೆಯ ರೈಲು ಸೇತುವೆಯ ಕಲ್ಲುಕಂಬವನ್ನು ಸುತ್ತಿಕೊಂಡು ರಸ್ತೆ ಹೊರಳುವ ಜಾಗ. ಕಲ್ಲುಗಣಿಯ ಲಾರಿಗಳು ಇಳಿಜಾರಿನಲ್ಲಿ ಬರುವುದು ಮೂಗಿನ ತುದಿಗೆ ಬರುವವರೆಗೂ ಕಾಣುವುದಿಲ್ಲ. ಅಲ್ಲಿ ಮಕ್ಕಳು ದಾಟಬಾರದೆಂದೇ ಈ ಮೇಲಿನ ಜಾಗದಲ್ಲಿ ಅವಳ ಕೆಲಸ ಹುಟ್ಟಿದ್ದು. ಇಪ್ಪತ್ತಾರು ವರ್ಷದಲ್ಲಿ ಒಂದು ಮಗುವಿನ ಮೊಣಕಾಲೂ ತರಚಿರಲಿಲ್ಲ. ಈಗ ಅವಳ ಗಂಟಲೇ ಒಂದು ಮಗುವನ್ನು ಅಲ್ಲಿಗೆ ಓಡಿಸಿತ್ತು.

ಮನೆಗೆ ಬಂದವಳೇ ಎಮ್ರಿಸ್‌ಗೆ ಹೇಳಿದಳು. ಅವನು ಒಲೆಯ ಮೇಲೆ ಬ್ರೆಡ್ಡಿಗೆ ಚೀಸ್ ಕರಗಿಸುತ್ತಿದ್ದ.

“ಆ ತಿರುವಲ್ಲಿ ನಾನು ಬಸ್ ತರೋವಾಗ ಹಾರ್ನಿಂದ ಕೈ ತೆಗೀತಿರ್ಲಿಲ್ಲ,” ಎಂದ ಅವನು ಒಲೆ ಆರಿಸುತ್ತ. ಆಮೇಲೆ ತುಂಬಾ ಹೊತ್ತು ಚಾಕು ಒರೆಸಿದ. “ಗ್ಲೆನ್, ಒಂದ್ ಮಾತು. ಕೂಗಾಡಬೇಡ.”

“ಏನದು?”

“ಈ ಚೀಸು.”

“ಹ್ಞಾಂ, ಚೀಸು. ಏನಾಯ್ತದಕ್ಕೆ?”

“ಕ್ಲಬ್ಬಲ್ಲಿ ತೊಗೊಂಡಿದ್ದು. ಅರ್ಧ ಬೆಲೆಗೆ. ಗೆತಿನ್ ಹತ್ರ.”

ಗ್ಲೆನಿಸ್ ತಟ್ಟೆಯನ್ನು ನೋಡಿದಳು. ಹೋದ ವಾರ ಎರಡು ಸಲ, ಅದರ ಹಿಂದಿನ ವಾರ ಮೂರು ಸಲ ಅವಳು ಇದೇ ಚೀಸ್ ಹಾಕಿದ ಬ್ರೆಡ್ಡು ತಿಂದಿದ್ದಳು. ಚೆನ್ನಾಗಿದೆ ಅಂತ ಇನ್ನೊಂದು ತುಂಡು ಕೇಳಿ ಹಾಕಿಸಿಕೊಂಡಿದ್ದಳು.

“ಬರೀ ನಾನಲ್ಲ. ಕ್ಲಬ್ಬಲ್ಲಿ ಎಲ್ರೂ ತೊಗೋತಾರೆ. ಹೋದ ವರ್ಷ ಈಸ್ಟರ್ ದಿನ ಮೈರ್ ಮನೇಲಿ ಊಟ ಮಾಡಿದ್ಯಲ್ಲ, ಆ ಕುರಿ ತೊಡೆ?”

“ಅಯ್ಯೋ ದೇವ್ರೇ! ಅದೂನಾ?”

“ಅದೂನೂ. ಜೊತೆಗೆ ಪುದೀನ ಚಟ್ನಿ ಸೀಸೆ ಪುಕ್ಕಟೆ.”

ಬೈಯಬೇಕೆಂದು ಬಾಯಿ ತೆರೆದ ಗ್ಲೆನಿಸ್‌ಗೆ ನಗು ಬಂದುಬಿಟ್ಟಿತು. ನಗುತ್ತ ನಗುತ್ತಲೇ ಕಣ್ಣಲ್ಲಿ ನೀರೂ ಬಂತು. ಎಮ್ರಿಸ್ ಪಾತ್ರೆ ಒರೆಸುವ ಬಟ್ಟೆಯನ್ನೇ ಕೊಟ್ಟ. ಅವಳು ಅದರಲ್ಲೇ ಮುಖ ಒರೆಸಿಕೊಂಡು, “ಗೆತಿನ್ ಇರೋದು ಯಾವ ಬೀದೀಲಿ?” ಎಂದಳು.

“ಮನೆ ಬಾಗಿಲಿಗೆ ಹೋಗಬೇಡ ಮಾರಾಯ್ತಿ. ನೀನು ಬಾಗಿಲು ತಟ್ಟಿದ್ರೆ ಬೀದಿಗೆಲ್ಲ ಕೇಳುತ್ತೆ.”

ಅದೂ ನಿಜವೇ. ಶನಿವಾರ, ಭಾನುವಾರ ಅವಳು ಅದನ್ನೇ ಯೋಚಿಸಿದಳು. ನಿಲ್ಲಿಸಿದ್ದು ತಪ್ಪಾಯಿತು ಅನ್ನೋಣವೆಂದರೆ ನಾಲಿಗೆ ಏಳದು, ಕಳ್ಳತನ ಕಳ್ಳತನವೇ. ತಪ್ಪಿಲ್ಲ ಅನ್ನೋಣವೆಂದರೆ ಆ ತಿರುವಿನಲ್ಲಿ ಬೇರೆ ಬಣ್ಣದ ಎರಡು ಕಾಲುಚೀಲ ಓಡುತ್ತಿದ್ದವು.

ಸೋಮವಾರ ಅವಳು ಅರ್ಧ ಗಂಟೆ ಮೊದಲೇ ಮನೆ ಬಿಟ್ಟಳು. ಮೇಲಿನ ರಸ್ತೆಗೆ ಹೋಗದೆ ಕೆಳಗಿಳಿದು, ಸೇತುವೆಯ ಕಂಬದಿಂದ ಎರಡು ಮಾರು ಮುಂದೆ, ಲಾರಿಯವರಿಗೆ ದೂರದಿಂದಲೇ ಹಳದಿ ಕೋಟು ಕಾಣುವಂತೆ ನಿಂತಳು. ಎಂಟು ಗಂಟೆಗೆ ಗೆತಿನ್ ಮಗಳ ಕೈಹಿಡಿದು ಬಂದ. ಅವಳನ್ನು ನೋಡಿ ಅಲ್ಲೇ ನಿಂತ. ವಾಪಸು ತಿರುಗುವನೋ ಎನ್ನುವಷ್ಟರಲ್ಲಿ ನೆಸ್ಟಾ ಕೈ ಬಿಡಿಸಿಕೊಂಡು ಓಡಿಬಂತು.

“ಆಂಟೀ! ಇಲ್ಲಿಗೂ ಬಂದ್ರಾ?”

“ಬಂದೆ ಬಂಗಾರ. ಪಾದ ಎಲ್ಲಿ?”

ನೆಸ್ಟಾ ಪಾದ ಜೋಡಿಸಿತು. ಇಳಿಜಾರಿನಲ್ಲಿ ಲಾರಿಯೊಂದು ಉಸ್ಸೆಂದು ಬ್ರೇಕು ಹಾಕಿ ನಿಂತಿತು. ಗ್ಲೆನಿಸ್ “ಹ್ಞೂಂ,” ಅಂದಳು. ಇಬ್ಬರೂ ದಾಟಿದರು. ಗೆತಿನ್ ಅವಳ ಮುಖ ನೋಡಲಿಲ್ಲ, ಅವಳೂ ಮಾತಾಡಿಸಲಿಲ್ಲ.

ಕಷ್ಟ ಶುರುವಾದದ್ದು ಆಮೇಲೆ. ಅಲ್ಲಿಂದ ಮೇಲಿನ ರಸ್ತೆಗೆ ನೂರಾ ಹನ್ನೆರಡು ಮೆಟ್ಟಿಲು. ಗ್ಲೆನಿಸ್‌ಗೆ ಅರವತ್ತಮೂರು, ಎಡಮೊಣಕಾಲು ಅವಳ ಮಾತು ಕೇಳುವುದನ್ನು ಬಿಟ್ಟು ಮೂರು ವರ್ಷವಾಗಿತ್ತು. ಕೋಲನ್ನು ಊರುಗೋಲು ಮಾಡಿಕೊಂಡು, ಟೋಪಿ ಜೇಬಿಗೆ ತುರುಕಿ ಹತ್ತಿದಳು. ಮೇಲೆ ಮುಟ್ಟಿದಾಗ ಮಕ್ಕಳ ಸಾಲು ಆಗಲೇ ಕಾಯುತ್ತಿತ್ತು.

“ಆಂಟಿ, ನಿಮ್ ಮುಖ ಬೀಟ್‌ರೂಟ್ ಆಗಿದೆ,” ಅಂದಿತು ಕಾಡಿ.

“ಬಾಯ್ಮುಚ್ಕೊಂಡು... ಬಲಕ್ಕೆ... ನೋಡು,” ಎಂದಳು ಗ್ಲೆನಿಸ್ ಏದುಸಿರಿನಲ್ಲಿ.

ಮಧ್ಯಾಹ್ನ ಇದೇ ಓಟ ಹಿಂದುಮುಂದಾಯಿತು. ಮೇಲಿನ ಮಕ್ಕಳು ಮುಗಿದ ಕೂಡಲೇ ಕೆಳಗೆ. ಟೀಚರಿಗೆ ಹೇಳಿ ನೆಸ್ಟಾಳನ್ನು ಕೊನೆಗೆ ಬಿಡುವ ಹಾಗೆ ಮಾಡಿಕೊಂಡಿದ್ದಳು. ಮಂಗಳವಾರವೂ ಹಾಗೇ. ರಾತ್ರಿ ಎಮ್ರಿಸ್ ಮೊಣಕಾಲಿಗೆ ಮುಲಾಮು ಹಚ್ಚುತ್ತ, “ಈ ವಯಸ್ಸಲ್ಲಿ ಬೆಟ್ಟ ಹತ್ತೋ ಸ್ಪರ್ಧೆಗೆ ತಯಾರಿನಾ?” ಎಂದ. ಬುಧವಾರ ಅವನೇ ಮೇಲೆ ಹೋಗಿ, ಅವಳು ಬರುವವರೆಗೆ ಮಕ್ಕಳು ಕಟ್ಟೆ ಬಿಟ್ಟಿಳಿಯದಂತೆ ನೋಡಿಕೊಂಡ. ಬಸ್ಸಿನಲ್ಲಿ ಎಂದೂ ಹಿಂತಿರುಗಿ ನೋಡದವನು ಅವತ್ತು ನಲವತ್ತು ಮಕ್ಕಳನ್ನು ಮಾತಾಡಿಸಬೇಕಾಯಿತು.

ಅವತ್ತು ತಿರುವಿನಲ್ಲಿ ಗೆತಿನ್ ಮಗಳನ್ನು ಹಿಂದಿನ ಗೇಟಿನೊಳಗೆ ಬಿಟ್ಟು ವಾಪಸು ಬಂದ. ಗ್ಲೆನಿಸ್ ಮೂರನೆಯ ಮೆಟ್ಟಿಲಿನಲ್ಲೇ ಕೂತು ಉಸಿರು ಕೂಡಿಸಿಕೊಳ್ಳುತ್ತಿದ್ದಳು.

“ಇಲ್ಲಿ ನಿಲ್ಲೋಕೆ ನಿಮಗೆ ಕೆಲಸ ಕೊಟ್ಟ ಕೌನ್ಸಿಲ್‌ನವರ ಅಪ್ಪಣೆ ಇಲ್ಲ ಅಲ್ವಾ?” ಎಂದ.

“ಇಲ್ಲ. ದೂರು ಕೊಡ್ತೀಯಾ?”

ಅವನು ತುಟಿಯೊಳಗೇ ನಕ್ಕ. ಟೋಪಿ ತೆಗೆದು ತಲೆ ಕೆರೆದುಕೊಂಡ. “ಅವತ್ತು ನಾನು ಓಡಬಹುದಿತ್ತು, ಆಂಟಿ. ನಿಮ್ ಕೈಲಿ ನನ್ನ ಹಿಡಿಯೋಕಾಗ್ತಿತ್ತಾ? ನೀವು ನಿಲ್ಲು ಅಂದ್ರಿ, ಈ ದರಿದ್ರ ಕಾಲು ತಾವೇ ಜೋಡಿಸ್ಕೊಂಡು ನಿಂತ್ವು. ಮೂವತ್ತೊಂದು ವರ್ಷ ನನಗೆ!”

“ಚೆನ್ನಾಗಿ ನಿಂತಿದ್ದೆ. ಹೆಬ್ಬೆರಳು ಅಂಚಿಗೆ ಸರಿಯಾಗಿ.”

“ಹೆಸರು ಮಾತ್ರ ಕೂಗಬಾರದಿತ್ತು ನೀವು. ನೆಸ್ಟಾ ಕ್ಲಾಸಲ್ಲಿ ಒಬ್ಳು ಕೇಳಿದ್ಳಂತೆ, ನಿಮ್ಮಪ್ಪ ಚೀಸ್ ಕಳ್ಳನಾ ಅಂತ. ಇವಳು ಏನಂದ್ಳು ಗೊತ್ತಾ? ಇಲ್ಲ, ನಮ್ಮಪ್ಪನಿಗೆ ಚೀಸ್ ಸೇರಲ್ಲ ಅಂದ್ಳಂತೆ.”

ಗ್ಲೆನಿಸ್ ಟೋಪಿಯ ಅಂಚನ್ನು ತಿರುಗಿಸುತ್ತ ಕೂತಳು. “ಕೂಗಬಾರದಿತ್ತು,” ಎಂದಳು. “ಅದು ನನ್ನ ತಪ್ಪು ಕಣೋ ಮರಿ. ಕ್ಷಮಿಸು.”

“ನಿಲ್ಲಿಸಿದ್ದು?”

“ಅದಕ್ಕೆ ಕ್ಷಮೆ ಕೇಳಲ್ಲ. ನಾಳೆ ಮತ್ತೆ ತೊಗೊಂಡ್ರೆ ಮತ್ತೆ ನಿಲ್ಲಿಸ್ತೀನಿ. ಹತ್ತಿರ ಬಂದು, ಕಿವೀಲಿ ಹೇಳ್ತೀನಿ, ವಾಪಸ್ ಇಡೋ ಅಂತ. ಅಷ್ಟೇ.” ಕೋಲನ್ನು ಮಡಿಲಿಗೆಳೆದುಕೊಂಡು ಮುಂದುವರಿಸಿದಳು, “ಎಮ್ರಿಸ್‌ಗೂ ಹೇಳಿದೀನಿ, ಇನ್ಮೇಲೆ ಕ್ಲಬ್ಬಿನ ಚೀಸು ಮನೆಗೆ ತಂದ್ರೆ ಕೋಲು ಅವನ ಬೆನ್ನಿಗೆ ಅಂತ. ತಿಂದವಳು ನಾನೂ. ನಿನ್ನೊಬ್ಬನನ್ನೇ ಗೋಡೆ ಮುಂದೆ ನಿಲ್ಲಿಸಿದ್ದು ನ್ಯಾಯ ಅಲ್ಲ.”

ಗೆತಿನ್ ಟೋಪಿ ಹಾಕಿಕೊಂಡ. ಆಮೇಲೆ ಕೈ ಚಾಚಿದ. “ಏಳಿ. ಕೋಲು ಕೊಡಿ, ನಾನು ಹೊತ್ಕೊಂಡು ಬರ್ತೀನಿ ಮೇಲಿನವರೆಗೆ.”

“ಕೋಲು ಯಾರಿಗೂ ಕೊಡೋ ಹಾಗಿಲ್ಲ. ಬೇಕಾದ್ರೆ ನನ್ನ ಎಳೀ.”

ಅವನು ಎಳೆದ. ತೊಂಬತ್ತೊಂಬತ್ತು ಮೆಟ್ಟಿಲು. ಕೊನೆಯ ಹತ್ತು ಮೆಟ್ಟಿಲು ಬಾಕಿಯಿದ್ದಾಗ ಮೇಲಿನವರಿಗೆ ಕಾಣಬಾರದೆಂದು ಕೈ ಬಿಟ್ಟು ಇಳಿದುಹೋದ.

ಗುರುವಾರ ಬೆಳಿಗ್ಗೆ ಗ್ಲೆನಿಸ್ ಮತ್ತೆ ತಿರುವಿನಲ್ಲಿ ಕಾದಳು. ಎಂಟಾಯಿತು, ಎಂಟು ಹತ್ತಾಯಿತು, ಯಾರೂ ಬರಲಿಲ್ಲ. ಏನಾಯಿತೋ ಎಂದು ಮೆಟ್ಟಿಲು ಹತ್ತಿ ಮೇಲೆ ಬಂದರೆ, ಎಮ್ರಿಸ್‌ನ ಪಕ್ಕದಲ್ಲಿ, ಸಾಲಿನ ಕೊನೆಯಲ್ಲಿ, ಗೆತಿನ್ ಮಗಳ ಕೈಹಿಡಿದು ನಿಂತಿದ್ದ.

“ಇನ್ನೊಂದ್ಸಲ ಆ ಮೆಟ್ಟಿಲು ಹತ್ತಿದ್ರೆ ನೀವು ಸತ್ತೇ ಹೋಗ್ತೀರಿ,” ಎಂದ. “ಆಮೇಲೆ ಅದೂ ನನ್ನ ತಲೆಗೇ ಬರುತ್ತೆ.”

ಸಾಲು ಸದ್ದಿಲ್ಲದೆ ನಿಂತಿತ್ತು. ಎಂದಿನ ಹರಟೆ ಇಲ್ಲ. ಒಬ್ಬ ತಾಯಿ ಮಗನ ಟೋಪಿ ಸರಿಮಾಡಿದಳು, ಸರಿಯಾಗಿದ್ದ ಟೋಪಿಯನ್ನೇ ಮತ್ತೆ ಮತ್ತೆ ಸರಿಮಾಡಿದಳು. ಇನ್ನೊಬ್ಬಳು ಫೋನ್ ನೋಡಿದಳು. ಮೈರ್ ಆಕಾಶ ನೋಡಿದಳು. ಗೆತಿನನ ಕಿವಿಗಳು ಕೆಂಪಗಾಗಿದ್ದವು, ಆದರೆ ಅವನು ಕದಲಲಿಲ್ಲ. ಗ್ಲೆನಿಸ್‌ಗೆ ಏನಾದರೂ ಹೇಳಬೇಕೆಂದು ನಾಲಿಗೆ ತುರಿಸಿತು. ಇಡೀ ಜೀವಮಾನದಲ್ಲಿ ಮೊದಲ ಸಲ ಅದನ್ನು ಕಚ್ಚಿ ಹಿಡಿದಳು. ರಸ್ತೆಯ ನಡುವೆ ಹೋಗಿ ಕೋಲು ಎತ್ತಿ ಸುಮ್ಮನೆ ನಿಂತಳು.

ಮಕ್ಕಳು ದಾಟಿದರು, ನೆಸ್ಟಾಳ ಜೊತೆ ಗೆತಿನ್ ಕೂಡ. ಸಾಲಿನ ಹಿಂದೆ ಅವಳಿ ಕೂಸುಗಳ ಅಗಲದ ತಳ್ಳುಗಾಡಿ ತಂದಿದ್ದ ಹರೆಯದ ತಾಯಿಯೊಬ್ಬಳಿದ್ದಳು. ಹೆಗಲಿಗೊಂದು ಬ್ಯಾಗು, ಕಂಕುಳಲ್ಲೊಂದು ಬಿಚ್ಚಿದ ಬೂಟು, ರಾತ್ರಿಯಿಡೀ ನಿದ್ದೆಯಿಲ್ಲದ ಮುಖ. ಗಾಡಿಯ ಮುಂದಿನ ಚಕ್ರ ಆಚೆ ದಡದ ಕಟ್ಟೆಗೆ ಸಿಕ್ಕಿಕೊಂಡಿತು. ಅವಳು ಸುತ್ತ ನೋಡಿದಳು. ಹತ್ತಿರವಿದ್ದವನು ಗೆತಿನ್.

“ಸ್ವಲ್ಪ ಮುಂದ್ಗಡೆ ಎತ್ತಿ ಹಿಡೀತೀರಾ? ಮೆಲ್ಲಗೆ, ಈಗಷ್ಟೇ ಮಲಗಿದಾವೆ.”

ಗೆತಿನ್ ನೆಸ್ಟಾಳ ಕೈ ಬಿಟ್ಟು, ಬಗ್ಗಿ, ಎರಡೂ ಕೈಯಲ್ಲಿ ಗಾಡಿಯ ಮುಂಭಾಗ ಎತ್ತಿದ. ಕೂಸುಗಳು ಏಳಲಿಲ್ಲ.

ಹಿಂದೆ ನಿಂತಿದ್ದ ಕಾರಿನವನು ಹಾರ್ನ್ ಹೊಡೆದ. ಗ್ಲೆನಿಸ್ ಅವನತ್ತ ತಿರುಗಿ ಬಾಯಿ ತೆರೆದಳು, ಗಾಡಿಯೊಳಗಿನ ಪುಟ್ಟ ಮುಖಗಳನ್ನು ನೋಡಿ ದನಿ ತಗ್ಗಿಸಿದಳು.

“ಇರೋ ತಮ್ಮಾ,” ಎಂದಳು, “ಇನ್ನೂ ದಾಟ್ತಾ ಇದಾರೆ.”